ಮಿಣುಕುವ ಬೆಳಕಿನಿಂದ ಅಲ್ಝೈಮರ್ಸ್ ಕಡಿಮೆಯಾಗುತ್ತಾ? ಸಾಧನ ತರಿಸುವ ಮೊದಲು ಕೇಳುತ್ತಿದ್ದೇನೆ

ಸಂಜೆಮಲ್ಲಿಗೆ:
ನಮ್ಮ ಅತ್ತೆಗೆ ಅಲ್ಝೈಮರ್ಸ್. ಇನ್ನೂ ಶುರುವಿನ ಹಂತ. ಹೆಸರು ಮರೆಯುತ್ತಾರೆ, ಕೇಳಿದ್ದನ್ನೇ ಮತ್ತೆ ಕೇಳುತ್ತಾರೆ, ಸಂಜೆಯಾಯಿತೆಂದರೆ ಚಡಪಡಿಕೆ. ಮಾತ್ರೆ ನಡೆಯುತ್ತಿದೆ. ಈಗ ಮೈದುನ ಒಂದು ವಿಡಿಯೋ ಕಳಿಸಿದ್ದಾನೆ. ಸೆಕೆಂಡಿಗೆ 40 ಸಲ ಮಿಣುಕುವ ಬೆಳಕನ್ನು ದಿನಕ್ಕೊಂದು ಗಂಟೆ ನೋಡಿದರೆ ಮೆದುಳಿನ ಕೊಳೆಯೆಲ್ಲ ತೊಳೆದುಹೋಗುತ್ತದಂತೆ. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದವರೇ ಕಂಡುಹಿಡಿದದ್ದಂತೆ. ಅದರ ಕೆಳಗೇ ತಲೆಗೆ ಹಾಕಿಕೊಳ್ಳುವ ಕೆಂಪು ಲೈಟಿನ ಹೆಲ್ಮೆಟ್ ಮಾರುವ ಲಿಂಕ್ ಬೇರೆ. ತರಿಸಿಯೇ ಬಿಡೋಣ ಎಂದು ಅವನು, ಇದೆಲ್ಲ ಮೋಸ ಎಂದು ನನ್ನ ಗಂಡ. ಇಬ್ಬರೂ ಮಾತು ಬಿಡುವ ಹಂತಕ್ಕೆ ಬಂದಿದ್ದಾರೆ.

ಇದರಲ್ಲಿ ನಿಜ ಎಷ್ಟು? ಸುಮ್ನೆ "ಡಾಕ್ಟರನ್ನು ಕೇಳಿ" ಅನ್ನಬೇಡಿ. ಕೇಳಿ ಆಗಿದೆ. "ಇನ್ನೂ ಸಂಶೋಧನೆ ನಡೀತಿದೆ" ಎಂದು ಹೇಳಿ ಮುಂದಿನವರನ್ನು ಒಳಗೆ ಕರೆದರು.

ಮೂರನೇಬೆಂಚು:
ಮೋಸ. ಮುಂದಿನ ಪ್ರಶ್ನೆ.

ನರಮಂಡಲ:
ಮೂರನೇಬೆಂಚು, ಅಷ್ಟು ಬೇಗ ಎದ್ದು ಹೋಗಬೇಡಿ. ಎಂಐಟಿ ಕಥೆ ಸುಳ್ಳಲ್ಲ. 2016ರ ಡಿಸೆಂಬರ್‌ನಲ್ಲಿ ನೇಚರ್ ಪತ್ರಿಕೆಯಲ್ಲಿ ಬಂತು. ಲಿ-ಹುಯೆ ತ್ಸಾಯ್ ಅವರ ಲ್ಯಾಬಿನದು. ಅಲ್ಝೈಮರ್ಸ್ ಥರದ ಕಾಯಿಲೆ ಬರುವಂತೆ ಜೀನ್ ಬದಲಾಯಿಸಿದ ಇಲಿಗಳನ್ನು ಕತ್ತಲಲ್ಲಿಟ್ಟು, ಒಂದು ಗಂಟೆ ಸೆಕೆಂಡಿಗೆ 40 ಸಲ, ಅಂದರೆ 40 ಹರ್ಟ್ಸ್‌ನಲ್ಲಿ ಎಲ್‌ಇಡಿ ಮಿಣುಕಿಸಿದರು. ಮೆದುಳಿನಲ್ಲಿ ನೋಟಕ್ಕೆ ಸಂಬಂಧಪಟ್ಟ ಭಾಗದಲ್ಲಿ ಈ ಕಾಯಿಲೆಯಲ್ಲಿ ಶೇಖರವಾಗುವ ಅಮಿಲಾಯ್ಡ್ ಬೀಟಾ ಎಂಬ ಪ್ರೋಟೀನು ಅರ್ಧಕ್ಕೂ ಕೆಳಗೆ ಇಳಿಯಿತು. 20 ಹರ್ಟ್ಸ್‌ನಲ್ಲಿ ಹಾಗಾಗಲಿಲ್ಲ, 80ರಲ್ಲೂ ಇಲ್ಲ. ಮೆದುಳಿನ ಕಸ ಎತ್ತುವ ಮೈಕ್ರೋಗ್ಲಿಯಾ ಕೋಶಗಳು ಚುರುಕಾದದ್ದೂ ಕಂಡಿತು.

40 ಎಂಬ ಅಂಕಿ ಎಲ್ಲಿಂದ ಬಂತು ಅಂದರೆ, ನಾವು ಗಮನವಿಟ್ಟು ಏನಾದರೂ ಮಾಡುವಾಗ ನರಕೋಶಗಳು ಗುಂಪಾಗಿ ಸೆಕೆಂಡಿಗೆ 30ರಿಂದ 100 ಸಲ ಮಿಡಿಯುತ್ತವೆ. ಅದಕ್ಕೆ ಗಾಮಾ ಅಲೆ ಎನ್ನುತ್ತಾರೆ. ಈ ಕಾಯಿಲೆಯಲ್ಲಿ ಅದು ಕುಗ್ಗುತ್ತದೆ. ಹೊರಗಿನಿಂದ ತಾಳ ಹಾಕಿ ಅದನ್ನು ಎಬ್ಬಿಸಬಹುದಾ ಅನ್ನೋದು ಅವರ ಪ್ರಶ್ನೆ.

ವಿಡಿಯೋದವರು ಹೇಳದ ವಿಷಯವೂ ಅದೇ ಪೇಪರಿನಲ್ಲಿದೆ. ಒಂದು ಗಂಟೆಯ ಬೆಳಕಿನ ಪರಿಣಾಮ ಒಂದೇ ದಿನದಲ್ಲಿ ಅಳಿಸಿಹೋಯಿತು, ಪ್ರೋಟೀನು ಮೊದಲಿನ ಮಟ್ಟಕ್ಕೇ ಏರಿತು. ಮತ್ತೆ, ನೆನಪಿನ ಕೆಲಸ ಮಾಡುವ ಹಿಪ್ಪೊಕ್ಯಾಂಪಸ್‌ನಲ್ಲಿ ಬರೀ ಬೆಳಕಿನಿಂದ ಆ ಪರಿಣಾಮ ಕಾಣಲಿಲ್ಲ. 2019ರಲ್ಲಿ ಅದೇ ತಂಡ 40 ಹರ್ಟ್ಸ್ ಶಬ್ದ ಸೇರಿಸಿ ನೋಡಿದ ಮೇಲೆ ಅಲ್ಲೂ ವ್ಯತ್ಯಾಸ ಸಿಕ್ಕಿತು.

ಅರ್ಧಓದಿದವ:
ಹಾಗಾದರೆ ಕೆಲಸ ಮಾಡುತ್ತೆ ಅಂತಾಯಿತಲ್ಲ! ದಿನಾ ಒಂದು ಗಂಟೆ ನೋಡಿದರಾಯಿತು. ಏನು ಕಷ್ಟ?

ಮೂರನೇಬೆಂಚು:
ನಿಮಗೆ ಬಾಲ ಇದ್ದರೆ ಏನೂ ಕಷ್ಟವಿಲ್ಲ.

ಗಾಜಿನಲೋಟ:
ಬಾಲ ಇದ್ದವರಿಗೂ ಗ್ಯಾರಂಟಿ ಇಲ್ಲ. 2023ರಲ್ಲಿ ನೇಚರ್ ನ್ಯೂರೋಸೈನ್ಸ್‌ನಲ್ಲಿ ಗ್ಯೋರ್ಗಿ ಬುಝಾಕಿ ಅವರ ನ್ಯೂಯಾರ್ಕ್ ಲ್ಯಾಬಿನವರು ಇದನ್ನೇ ಮತ್ತೆ ಮಾಡಿ ನೋಡಿದರು. ಗಾಮಾ ಅಲೆಗಳ ಬಗ್ಗೆ ಜಗತ್ತಿನಲ್ಲೇ ಅತಿ ಹೆಚ್ಚು ತಿಳಿದವರಲ್ಲಿ ಅವರೊಬ್ಬರು. ಇಲಿಗಳ ಮೆದುಳಿನೊಳಗೆ ಹಲವು ಕಡೆ ಸೂಕ್ಷ್ಮ ಎಲೆಕ್ಟ್ರೋಡ್ ಇಟ್ಟು ಅಳೆದರು. ಮಿಣುಕಿಗೆ ನೋಟದ ಭಾಗವೇನೋ ಸ್ಪಂದಿಸುತ್ತದೆ, ಆದರೆ ಮೆದುಳಿನ ಸ್ವಂತ ಗಾಮಾ ಅಲೆ ಅದರ ಜೊತೆ ಸೇರುವುದಿಲ್ಲ ಎಂದರು. ಹಿಪ್ಪೊಕ್ಯಾಂಪಸ್‌ನಲ್ಲಿ ಪ್ರತಿಕ್ರಿಯೆ ತೀರಾ ದುರ್ಬಲ. ಅಮಿಲಾಯ್ಡ್ ಕಡಿಮೆಯಾಗಲಿಲ್ಲ. ಇನ್ನೊಂದು ವಿಷಯ ನನಗೆ ಬಹಳ ಹಿಡಿಸಿತು: ಇಲಿಗಳು ಆ ಮಿಣುಕುವ ಬೆಳಕಿನಿಂದ ದೂರ ಓಡಿಹೋಗುತ್ತಿದ್ದವಂತೆ.

ಸಂಜೆಮಲ್ಲಿಗೆ:
ಅಯ್ಯೋ. ಒಬ್ಬರು ಅರ್ಧ ಇಳಿಯಿತು ಅಂತಾರೆ, ಇನ್ನೊಬ್ಬರು ಏನೂ ಆಗಲಿಲ್ಲ ಅಂತಾರೆ. ಯಾರನ್ನು ನಂಬೋದು?

ಅರ್ಧಓದಿದವ:
ಹೊಸದನ್ನು ನಂಬಿ. 2024ರ ಫೆಬ್ರವರಿಯಲ್ಲಿ ತ್ಸಾಯ್ ತಂಡದ ಇನ್ನೊಂದು ಪೇಪರ್ ನೇಚರ್‌ನಲ್ಲಿ ಬಂದಿದೆ. ಬೆಳಕು, ಶಬ್ದ ಎರಡೂ ಕೊಟ್ಟಾಗ ಮೆದುಳಿನ ಸುತ್ತಲಿನ ದ್ರವದ ಹರಿವು ಜಾಸ್ತಿಯಾಗಿ ಅಮಿಲಾಯ್ಡ್ ಕೊಚ್ಚಿಕೊಂಡು ಹೋಗುತ್ತದಂತೆ. ಗ್ಲಿಂಫ್ಯಾಟಿಕ್ ವ್ಯವಸ್ಥೆ ಅಂತ ಹೆಸರು. ಮನೆಯ ಚರಂಡಿ ಇದ್ದ ಹಾಗೆ. ಬುಝಾಕಿಯವರಿಗೆ ಉತ್ತರ ಸಿಕ್ಕಿತಲ್ಲ?

ಗಾಜಿನಲೋಟ:
ಉತ್ತರ ಎಲ್ಲಿ ಸಿಕ್ಕಿತು? ಅದೇ ಲ್ಯಾಬು ತನ್ನದೇ ವಾದಕ್ಕೆ ಹೊಸ ಕಾರಣ ಕೊಟ್ಟಿದೆ, ಅಷ್ಟೇ. ಕಾರಣ ಚೆನ್ನಾಗಿಯೇ ಇದೆ. ಅಕ್ವಪೋರಿನ್-4 ಎಂಬ ನೀರಿನ ದಾರಿಯನ್ನು ತಡೆದರೆ ಪರಿಣಾಮ ನಿಂತುಹೋಗುತ್ತದೆ ಎಂದು ತೋರಿಸಿದ್ದಾರೆ. ಆದರೆ ಸಂಬಂಧವಿಲ್ಲದ ಮೂರನೆಯವರು ಮಾಡಿದಾಗಲೂ ಹಾಗೇ ಬರಬೇಕು. ಅಲ್ಲಿವರೆಗೆ ಇದು ಒಂದು ಮನೆಯವರ ಸಾಕ್ಷಿ. ಇನ್ನೊಂದು ವಿಷಯ, ತ್ಸಾಯ್ ಮತ್ತು ಅವರ ಸಹೋದ್ಯೋಗಿ ಎಡ್ ಬಾಯ್ಡನ್ ಇಬ್ಬರೂ ಇದೇ ಬೆಳಕು, ಶಬ್ದ ಕೊಡುವ ಕನ್ನಡಕದಂಥ ಸಾಧನ ಮಾಡುವ ಕಾಗ್ನಿಟೊ ಥೆರಪ್ಯೂಟಿಕ್ಸ್ ಕಂಪನಿಯ ಸ್ಥಾಪಕರು. ಅದು ತಪ್ಪಲ್ಲ, ಮುಚ್ಚಿಟ್ಟೂ ಇಲ್ಲ. ಓದುವಾಗ ನೆನಪಿರಲಿ ಅಷ್ಟೇ.

ಅರ್ಧಓದಿದವ:
ಆ ಸಾಧನಕ್ಕೆ ಅಮೆರಿಕದ ಔಷಧ, ವೈದ್ಯಕೀಯ ಸಾಧನಗಳ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಪ್ಪಿಗೆ ಕೊಟ್ಟಾಗಿದೆ. 2021ರಲ್ಲೇ. ಗೂಗಲ್ ಮಾಡಿ.

ನರಮಂಡಲ:
ಇಲ್ಲ. ಅದು ಒಪ್ಪಿಗೆಯಲ್ಲ. 2021ರಲ್ಲಿ ಸಿಕ್ಕಿದ್ದು ಬ್ರೇಕ್‌ಥ್ರೂ ಡಿವೈಸ್ ಎಂಬ ಮಾನ್ಯತೆ. ಇದು ಭರವಸೆ ಹುಟ್ಟಿಸುವಂಥದ್ದು, ಅರ್ಜಿ ಬಂದಾಗ ನಾವು ಬೇಗ ನೋಡುತ್ತೇವೆ, ನಡುನಡುವೆ ಮಾತಾಡುತ್ತೇವೆ ಎನ್ನುವುದು ಅದರ ಅರ್ಥ. ಕೆಲಸ ಮಾಡುತ್ತದೆ ಎಂದಲ್ಲ. ಮಾರುವವರೆಲ್ಲ ಈ ಎರಡನ್ನು ಬೇಕೆಂದೇ ಕಲಸುತ್ತಾರೆ.

ಮನುಷ್ಯರ ಮೇಲೆ ಆದದ್ದನ್ನೂ ಹೇಳಿಬಿಡುತ್ತೇನೆ. ಎಂಐಟಿಯವರೇ 15 ಜನ ರೋಗಿಗಳಲ್ಲಿ ಮೂರು ತಿಂಗಳ ಸಣ್ಣ ಟ್ರಯಲ್ ಮಾಡಿದರು, 2022ರಲ್ಲಿ ಪ್ರಕಟವಾಯಿತು. ಅಡ್ಡಪರಿಣಾಮ ಹೆಚ್ಚಿಲ್ಲ, ಮೆದುಳು ಕುಗ್ಗುವುದು ನಿಧಾನವಾದಂತೆ ಕಂಡಿತು, ಮುಖ ಮತ್ತು ಹೆಸರು ಜೋಡಿಸುವ ಪರೀಕ್ಷೆಯಲ್ಲಿ ಸ್ವಲ್ಪ ಸುಧಾರಣೆ. ಹದಿನೈದು ಜನ ಅಂದರೆ ಒಂದು ಮದುವೆ ವ್ಯಾನೂ ತುಂಬುವುದಿಲ್ಲ. ಕಂಪನಿಯ ಆರು ತಿಂಗಳ ಟ್ರಯಲ್ ಓವರ್ಚರ್ ಎಂಬುದು. ಅದರಲ್ಲಿ ಒಂದು ಗುಂಪಿಗೆ ನಕಲಿ ಸಾಧನ ಕೊಟ್ಟಿದ್ದರು. ಮುಖ್ಯವಾಗಿ ನೋಡಬೇಕೆಂದುಕೊಂಡಿದ್ದ ಅಳತೆಯಲ್ಲಿ ಖಚಿತ ವ್ಯತ್ಯಾಸ ಬರಲಿಲ್ಲ. ಸ್ನಾನ, ಊಟ, ಬಟ್ಟೆಯಂಥ ದಿನದ ಕೆಲಸಗಳ ಅಳತೆಯಲ್ಲಿ ನಿಜವಾದ ಸಾಧನ ಬಳಸಿದವರು ಹಿಂದೆ ಬೀಳುವುದು ಉಳಿದವರಿಗಿಂತ ನಿಧಾನವಾಯಿತು. ಅದಕ್ಕೇ ಆರುನೂರಕ್ಕೂ ಹೆಚ್ಚು ಜನರ, ಒಂದು ವರ್ಷದ ಹೋಪ್ ಎಂಬ ದೊಡ್ಡ ಟ್ರಯಲ್‌ಗೆ ಕೈಹಾಕಿದರು. ತೀರ್ಮಾನ ಮಾಡಬೇಕಾದ್ದು ಆ ಥರದ ಟ್ರಯಲ್ಲು, ವಿಡಿಯೋ ಅಲ್ಲ.

ಮೂರನೇಬೆಂಚು:
ನಕಲಿ ಸಾಧನ ಯಾಕೆ? ಪಾಪ, ರೋಗಿಗಳಿಗೆ ಮೋಸ ಅಲ್ವಾ?

ನರಮಂಡಲ:
ಮೊದಲೇ ಹೇಳಿ ಒಪ್ಪಿಗೆ ಪಡೆದಿರುತ್ತಾರೆ. ಈ ಕಾಯಿಲೆಯಲ್ಲಿ ಅದು ತೀರಾ ಅಗತ್ಯ. ದಿನಾ ಒಂದು ಗಂಟೆ ಮಗಳೋ ಗಂಡನೋ ಪಕ್ಕದಲ್ಲಿ ಕೂತು ಮಾತಾಡಿಸಿದರೇ ರೋಗಿ ಎಷ್ಟೋ ಗೆಲುವಾಗುತ್ತಾರೆ. ಅದು ಬೆಳಕಿನಿಂದಲೋ ಪಕ್ಕದಲ್ಲಿ ಕೂತವರಿಂದಲೋ ಎಂದು ಬೇರ್ಪಡಿಸುವುದು ಹೇಗೆ?

ಬಲ್ಬುರಾಯ:
ಮೆದುಳಿನ ವಿಷಯ ನನಗೆ ಗೊತ್ತಿಲ್ಲ, ಮಿಣುಕುವ ವಿಷಯ ಗೊತ್ತು. ಅದೇ ನನ್ನ ಹೊಟ್ಟೆಪಾಡು. ಫೋನಿನಲ್ಲಿ, ಟಿವಿಯಲ್ಲಿ "40 ಹರ್ಟ್ಸ್ ಅಲ್ಝೈಮರ್ಸ್ ಚಿಕಿತ್ಸೆ" ಎಂದು ವಿಡಿಯೋ ಹಾಕಿಕೊಂಡು ಹಿರಿಯರನ್ನು ಮುಂದೆ ಕೂರಿಸುವವರು ದಯವಿಟ್ಟು ಇದನ್ನು ಓದಿ.

ಸಾಮಾನ್ಯ ಸ್ಕ್ರೀನು ಸೆಕೆಂಡಿಗೆ 60 ಸಲ ಚಿತ್ರ ಬದಲಿಸುತ್ತದೆ. ಒಂದು ಮಿಣುಕಿಗೆ ಕನಿಷ್ಠ ಎರಡು ಚಿತ್ರ ಬೇಕು, ಒಂದು ಬಿಳಿ, ಒಂದು ಕಪ್ಪು. ಹಾಗಾಗಿ ಅದು ತೋರಿಸಬಲ್ಲದ್ದು ಹೆಚ್ಚೆಂದರೆ 30 ಹರ್ಟ್ಸ್. 40 ತೋರಿಸಲು ಒಂದು ಮಿಣುಕಿಗೆ ಒಂದೂವರೆ ಚಿತ್ರ ಬೇಕು. ಅರ್ಧ ಚಿತ್ರ ಅನ್ನೋದು ಇಲ್ಲ. ಆಗ ಏನಾಗುತ್ತದೆ? ಮೂರು ಚಿತ್ರಕ್ಕೊಮ್ಮೆ ಮರುಕಳಿಸುವ ಒಂದು ಕುಂಟು ಮಿಣುಕು ಬರುತ್ತದೆ. 60ನ್ನು 3ರಿಂದ ಭಾಗಿಸಿ: 20 ಹರ್ಟ್ಸ್. ನರಮಂಡಲ ಅವರೇ ಮೇಲೆ ಹೇಳಿದರಲ್ಲ, 20ರಲ್ಲಿ ಇಲಿಗೂ ಉಪಯೋಗವಾಗಲಿಲ್ಲ ಎಂದು.

ಗಾಜಿನಲೋಟ:
ಉಪಯೋಗವಿಲ್ಲದ್ದಷ್ಟೇ ಅಲ್ಲ, ಅಪಾಯ. ಬೆಳಕಿನಿಂದ ಫಿಟ್ಸ್ ಬರುವವರಿಗೆ ಅತಿ ಕೆಟ್ಟದ್ದು 15ರಿಂದ 25 ಹರ್ಟ್ಸ್ ನಡುವಿನ ಮಿಣುಕು. ಅಲ್ಝೈಮರ್ಸ್ ಇರುವವರಿಗೆ ಅದೇ ವಯಸ್ಸಿನ ಬೇರೆಯವರಿಗಿಂತ ಫಿಟ್ಸ್ ಬರುವ ಸಾಧ್ಯತೆ ಮೊದಲೇ ಜಾಸ್ತಿ. ಟ್ರಯಲ್‌ಗಳಲ್ಲಿ ಮೂರ್ಛೆಯ ಹಿನ್ನೆಲೆ ಇರುವವರನ್ನು ಹೊರಗಿಡುವುದು ಅದಕ್ಕೇ.

ಹಳೇರೇಡಿಯೋ:
1997ರ ಡಿಸೆಂಬರ್‌ನಲ್ಲಿ ಜಪಾನ್‌ನಲ್ಲಿ ಒಂದು ಕಾರ್ಟೂನ್ ನೋಡುತ್ತಾ ಆರುನೂರಕ್ಕೂ ಹೆಚ್ಚು ಮಕ್ಕಳು ಆಸ್ಪತ್ರೆ ಸೇರಿದ್ದು ನೆನಪಿದೆಯಾ? ಕೆಂಪು, ನೀಲಿ ಬಣ್ಣ ಸೆಕೆಂಡಿಗೆ 12 ಸಲ ಬದಲಾಗುತ್ತಿತ್ತಂತೆ. ಕೆಲವೇ ಸೆಕೆಂಡು ಅಷ್ಟೆ. ನಮ್ಮ ಕಾಲದಲ್ಲಿ ರೇಡಿಯೋ ಇತ್ತು, ಇಂಥ ತೊಂದರೆ ಒಂದೂ ಇರಲಿಲ್ಲ.

ಮೂರನೇಬೆಂಚು:
ಬಂತು ನೋಡಿ "ನಮ್ಮ ಕಾಲದಲ್ಲಿ".

ಹಳೇರೇಡಿಯೋ:
ಬರದೇ ಇರುತ್ತಾ? ಅದು ಬಿಡಿ, ಬಲ್ಬುರಾಯರಿಗೆ ಒಂದು ಪ್ರಶ್ನೆ. ಹಳೇ ಟ್ಯೂಬ್‌ಲೈಟು ಸುಮ್ನೆ ಮಿಣುಕುತ್ತಲೇ ಇರುತ್ತದಲ್ಲ. ಅದರ ಕೆಳಗೆ ಕೂತರೆ ಸಾಲದಾ?

ಬಲ್ಬುರಾಯ:
50 ಹರ್ಟ್ಸ್ ಕರೆಂಟಿನಲ್ಲಿ ಅದು ಸೆಕೆಂಡಿಗೆ 100 ಸಲ ಮಿಣುಕುತ್ತದೆ. ಅದರಿಂದ ಗುಣವಾಗುವ ಹಾಗಿದ್ದರೆ ಸರ್ಕಾರಿ ಕಚೇರಿಯ ಗುಮಾಸ್ತರೆಲ್ಲ ಅಪಾರ ನೆನಪಿನ ಶಕ್ತಿಯವರಾಗಿರಬೇಕಿತ್ತು.

ಕೆಂಪುದೀಪ:
ಯಾರೂ ಹೆಲ್ಮೆಟ್ ವಿಷಯಕ್ಕೆ ಬರಲಿಲ್ಲ. ಅದು ಬೇರೆಯದೇ ವಸ್ತು, ಮಿಣುಕುವ ಕನ್ನಡಕಕ್ಕೂ ಅದಕ್ಕೂ ಸಂಬಂಧವಿಲ್ಲ. ಕನ್ನಡಕದ್ದು ಕಣ್ಣಿನ ಮೂಲಕ ಹೋಗುವ ಸಂಕೇತ. ಹೆಲ್ಮೆಟ್‌ನದ್ದು ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕು, ಸಾಮಾನ್ಯವಾಗಿ 810 ಅಥವಾ 1064 ನ್ಯಾನೊಮೀಟರ್, ನೇರವಾಗಿ ತಲೆಬುರುಡೆ ದಾಟಿ ಒಳಗೆ ಹೋಗಬೇಕು. ಫೋಟೊಬಯೋಮಾಡ್ಯುಲೇಷನ್ ಎನ್ನುತ್ತಾರೆ. 1967ರಲ್ಲಿ ಬುಡಾಪೆಸ್ಟ್‌ನ ಎಂಡ್ರೆ ಮೆಸ್ಟರ್ ಎಂಬ ವೈದ್ಯರು ಇಲಿಗಳ ಕೂದಲು ಬೋಳಿಸಿ ಲೇಸರ್ ಬಿಟ್ಟಾಗ ಕೂದಲು ಬೇಗ ಬೆಳೆಯಿತು, ಅಲ್ಲಿಂದ ಶುರು. ಜೀವಕೋಶದ ಮೈಟೊಕಾಂಡ್ರಿಯಾದಲ್ಲಿ ಸೈಟೊಕ್ರೋಮ್ ಸಿ ಆಕ್ಸಿಡೇಸ್ ಎಂಬ ಕಿಣ್ವ ಈ ಬೆಳಕನ್ನು ಹೀರಿ ಶಕ್ತಿ ಹೆಚ್ಚಿಸುತ್ತದೆ ಎನ್ನುವುದು ವಾದ.

ವಾದ ಕೇಳಲು ಚೆನ್ನಾಗಿದೆ. ಆದರೆ ಬೆಳಕಿನ ಬಹುಪಾಲು ಕೂದಲು, ಚರ್ಮ, ಮೂಳೆಯಲ್ಲೇ ಮುಗಿದುಹೋಗುತ್ತದೆ. ಹಿಪ್ಪೊಕ್ಯಾಂಪಸ್ ಇರುವುದು ಇನ್ನೂ ಕೆಲವು ಸೆಂಟಿಮೀಟರ್ ಆಳದಲ್ಲಿ. ಅಲ್ಝೈಮರ್ಸ್‌ನಲ್ಲಿ ಆಗಿರುವ ಟ್ರಯಲ್‌ಗಳು ತೀರಾ ಸಣ್ಣವು. ಪಾರ್ಶ್ವವಾಯುವಿಗೆ ಇದೇ ಥರದ ಲೇಸರನ್ನು ದೊಡ್ಡದಾಗಿ ಪರೀಕ್ಷಿಸಿದ್ದರು, ನೆಸ್ಟ್ ಎಂಬ ಸರಣಿ. ಮೊದಲನೆಯದು ಭಾರೀ ಆಸೆ ಹುಟ್ಟಿಸಿತು. ಎರಡನೆಯದು ಗುರಿ ಮುಟ್ಟಲಿಲ್ಲ. ಮೂರನೆಯದನ್ನು ಪ್ರಯೋಜನವಿಲ್ಲ ಎಂದು ಮಧ್ಯದಲ್ಲೇ ನಿಲ್ಲಿಸಿದರು.

ನಮ್ಮಪ್ಪನಿಗೆ ನಾನೂ ತರಿಸಿದ್ದೆ, ಅದಕ್ಕೇ ಇಷ್ಟು ಓದಿದ್ದು. ಕಂಪನಿ ಹೆಸರು ಹೇಳುವುದಿಲ್ಲ. ಬದಲಾವಣೆ ಕಾಣದಿದ್ದಾಗ ಕೇಳಿದರೆ "ಇನ್ನೂ ದೊಡ್ಡ ಮಾಡೆಲ್ ತಗೊಳ್ಳಿ" ಎಂದರು. ಅಪ್ಪನಿಗೆ ಅದನ್ನು ತಲೆ ಮೇಲೆ ಇಟ್ಟರೆ ಸಿಟ್ಟು. ಕಿತ್ತೆಸೆಯುತ್ತಿದ್ದರು. ಈಗ ಅಟ್ಟದ ಮೇಲಿದೆ.

ಸಂಜೆಮಲ್ಲಿಗೆ:
ಕೆಂಪುದೀಪ, ಹೆಲ್ಮೆಟ್ ಮತ್ತು 40 ಹರ್ಟ್ಸ್ ಬೇರೆ ಬೇರೆ ಅನ್ನೋದೇ ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಎಂಐಟಿ ಹೆಸರು ತೋರಿಸಿ ಇವರು ಇನ್ನೇನನ್ನೋ ಮಾರುತ್ತಿದ್ದಾರೆ ಹಾಗಾದರೆ.

ಕೆಂಪುದೀಪ:
ಹೌದು. ಜೊತೆಗೆ ಕೆಲವು ಹೆಲ್ಮೆಟ್‌ಗಳು ಇನ್‌ಫ್ರಾರೆಡ್ಡನ್ನೇ 40 ಹರ್ಟ್ಸ್‌ನಲ್ಲಿ ಮಿಣುಕಿಸುತ್ತವೆ, ಗೊಂದಲ ಇನ್ನೂ ಜಾಸ್ತಿ. ಕಣ್ಣಿಗೆ ಕಾಣದ ಮಿಣುಕಿಗೂ ತ್ಸಾಯ್ ಅವರ ಪ್ರಯೋಗಕ್ಕೂ ಏನು ಸಂಬಂಧ ಹೇಳಿ.

ನಿದ್ದೆಗೆಟ್ಟವಳು:
ಎಲ್ಲರೂ ಲ್ಯಾಬಿನಲ್ಲೇ ಇದ್ದೀರಿ, ಸ್ವಲ್ಪ ಮನೆಗೆ ಬನ್ನಿ. ನಾನು ಅಮ್ಮನನ್ನು ನೋಡಿಕೊಳ್ಳುತ್ತೇನೆ. ಸಂಜೆಮಲ್ಲಿಗೆ ಅವರು ಸಂಜೆಯ ಚಡಪಡಿಕೆ ಎಂದು ಬರೆದದ್ದನ್ನು ಯಾರೂ ಗಮನಿಸಲಿಲ್ಲ. ಅದಕ್ಕೆ ಬೆಳಕಿನಿಂದ ಮಾಡಬಹುದಾದ ಕೆಲಸ ಇದೆ, ಮಿಣುಕೂ ಬೇಡ, ಹೆಲ್ಮೆಟ್ಟೂ ಬೇಡ.

ಕಣ್ಣಿನ ಹಿಂಭಾಗದಲ್ಲಿ ನೋಡುವುದಕ್ಕಲ್ಲದೆ, ಹಗಲೋ ರಾತ್ರಿಯೋ ಎಂದು ತಿಳಿಯುವುದಕ್ಕೇ ಇರುವ ಕೋಶಗಳಿವೆ. ಅವುಗಳಲ್ಲಿ ಮೆಲನಾಪ್ಸಿನ್ ಎಂಬ ಬೆಳಕು ಹಿಡಿಯುವ ವಸ್ತು ಇದೆ, 480 ನ್ಯಾನೊಮೀಟರ್ ಹತ್ತಿರದ ನೀಲಿ ಬೆಳಕಿಗೆ ಚೆನ್ನಾಗಿ ಸ್ಪಂದಿಸುತ್ತವೆ. ಅವು ಮೆದುಳಿನ ಗಡಿಯಾರಕ್ಕೆ ಸುದ್ದಿ ಮುಟ್ಟಿಸುತ್ತವೆ. ಅಲ್ಝೈಮರ್ಸ್‌ನಲ್ಲಿ ಆ ಗಡಿಯಾರದ ಕೋಶಗಳೇ ಸಾಯುತ್ತವೆ. ಅದರ ಮೇಲೆ ನಾವು ಅವರನ್ನು ದಿನವಿಡೀ ಒಳಗೇ ಕೂರಿಸುತ್ತೇವೆ. ಮನೆಯೊಳಗಿನ ಬೆಳಕು ಬಹಳಷ್ಟು ಸಲ 100ರಿಂದ 300 ಲಕ್ಸ್ (ಬೆಳಕಿನ ಅಳತೆ). ಹೊರಗೆ ನೆರಳಿನಲ್ಲಿ ಕೂತರೂ ಹಗಲಿನಲ್ಲಿ ಸಾವಿರಗಟ್ಟಲೆ ಲಕ್ಸ್. ಅವರ ಮೆದುಳಿಗೆ ಹಗಲಾಯಿತು ಎಂದೇ ಗೊತ್ತಾಗದಿದ್ದರೆ ರಾತ್ರಿ ನಿದ್ದೆ ಎಲ್ಲಿಂದ ಬರಬೇಕು?

ನಾನು ಮಾಡಿದ್ದಿಷ್ಟೇ. ಬೆಳಿಗ್ಗೆ ಹೊರಗೆ ಕುರ್ಚಿ. ಮಧ್ಯಾಹ್ನ ಕಿಟಕಿ ಪಕ್ಕ. ಮುಸ್ಸಂಜೆ ಕವಿಯುವ ಮೊದಲೇ ಮನೆಯ ದೀಪಗಳನ್ನೆಲ್ಲ ಹಾಕುವುದು, ಮೂಲೆಯಲ್ಲಿ ನೆರಳು ಬೀಳಬಾರದು, ನೆರಳು ಕಂಡರೆ ಅಮ್ಮ ಯಾರೋ ಬಂದರು ಎನ್ನುತ್ತಾರೆ. ಮಲಗುವ ಹೊತ್ತಿಗೆ ಮಂದ ದೀಪ. ನೆನಪು ವಾಪಸ್ ಬಂತಾ? ಇಲ್ಲ. ರಾತ್ರಿ ಎದ್ದು ಬಾಗಿಲು ಬಡಿಯುವುದು ಕಡಿಮೆಯಾಯಿತು. ನನಗೆ ಅದೇ ದೊಡ್ಡದು.

ಮೂರನೇಬೆಂಚು:
ಇದು ನಿಮ್ಮ ಅನುಭವ ಸರಿ. ಪುರಾವೆ?

ನರಮಂಡಲ:
ಪುರಾವೆ ಇದೆ. 2008ರಲ್ಲಿ ಜಾಮಾ ಪತ್ರಿಕೆಯಲ್ಲಿ ಬಂದ ನೆದರ್‌ಲ್ಯಾಂಡ್ಸ್ ಅಧ್ಯಯನ. 12 ವೃದ್ಧರ ನಿವಾಸ, 189 ಜನ, ಹೆಚ್ಚಿನವರಿಗೆ ಡಿಮೆನ್ಷಿಯಾ, ಅಂದರೆ ಅಲ್ಝೈಮರ್ಸ್ ಥರದ ಮರೆವಿನ ಕಾಯಿಲೆ. ಕೆಲವು ನಿವಾಸಗಳ ಹಾಲ್‌ನಲ್ಲಿ ದಿನವಿಡೀ ಸುಮಾರು 1000 ಲಕ್ಸ್ ಬೆಳಕು, ಉಳಿದವುಗಳಲ್ಲಿ ಸುಮಾರು 300. ಹೆಚ್ಚು ಬೆಳಕಿದ್ದ ಕಡೆ ನೆನಪಿನ ಪರೀಕ್ಷೆಯ ಅಂಕದ ಕುಸಿತ ಸುಮಾರು 0.9ರಷ್ಟು ಕಡಿಮೆ ಇತ್ತು. 30 ಅಂಕದ ಪರೀಕ್ಷೆಯಲ್ಲಿ ಅದು ಸಣ್ಣದು. ಆದರೆ ಖಿನ್ನತೆಯೂ ಕಡಿಮೆಯಾಯಿತು, ದಿನದ ಕೆಲಸಗಳಲ್ಲಿ ಹಿಂದೆ ಬೀಳುವುದೂ ನಿಧಾನವಾಯಿತು. ನಿದ್ದೆಗೆ ಕೊಡುವ ಮೆಲಟೋನಿನ್ ಮಾತ್ರೆ ಮಾತ್ರ ಕೊಟ್ಟವರಿಗೆ ನಿದ್ದೆ ಸುಧಾರಿಸಿದರೂ ಮನಸ್ಸು ಮಂಕಾಯಿತು. ಕೊಡುವುದಾದರೆ ಬೆಳಕಿನ ಜೊತೆಗೇ ಕೊಡಿ ಎಂದರು.

ಗಾಜಿನಲೋಟ:
ಅದಾದ ಮೇಲೆ 2014ರಲ್ಲಿ, ವೈದ್ಯಕೀಯ ಪುರಾವೆಗಳನ್ನು ತೂಗಿನೋಡುವ ಕಾಕ್ರೇನ್‌ನವರು ಎಲ್ಲ ಟ್ರಯಲ್‌ಗಳನ್ನು ಒಟ್ಟಿಗೆ ನೋಡಿ, ಡಿಮೆನ್ಷಿಯಾಗೆ ಬೆಳಕಿನ ಚಿಕಿತ್ಸೆ ಶಿಫಾರಸು ಮಾಡಲು ಪುರಾವೆ ಸಾಲದು ಎಂದರು. ಅದನ್ನೂ ಹೇಳಬೇಕಲ್ಲ.

ನಿದ್ದೆಗೆಟ್ಟವಳು:
ಹೇಳಿ. ಕುರ್ಚಿಯನ್ನು ಹೊರಗೆ ಹಾಕುವುದಕ್ಕೆ ನನಗೆ ಕಾಕ್ರೇನ್ ಅನುಮತಿ ಬೇಡ.

ಮೂರನೇಬೆಂಚು:
ಈ ಉತ್ತರಕ್ಕೆ ನನ್ನದೊಂದು ಚಪ್ಪಾಳೆ.

ಕನ್ನಡಕದಂಗಡಿ:
ಒಂದು ವಿಷಯ ಬಿಟ್ಟುಹೋಗಿದೆ. ವಯಸ್ಸಾದ ಹಾಗೆ ಕಣ್ಣಿನ ಮಸೂರ ಹಳದಿಯಾಗುತ್ತದೆ, ಮೊದಲು ತಡೆಯುವುದೇ ಆ ನೀಲಿ ಬೆಳಕನ್ನು. ಪೊರೆ ಬಂದಿದ್ದರೆ ನೀವು ಎಷ್ಟು ಲಕ್ಸ್ ಸುರಿದರೂ ಒಳಗೆ ಹೋಗುವುದು ಸ್ವಲ್ಪವೇ. ಅಮೆರಿಕದಲ್ಲಿ 3000ಕ್ಕೂ ಹೆಚ್ಚು ಹಿರಿಯರನ್ನು ಬಹಳ ವರ್ಷ ಗಮನಿಸಿದ ಅಧ್ಯಯನವೊಂದು 2021ರ ಕೊನೆಗೆ ಬಂತು. ಪೊರೆ ಆಪರೇಷನ್ ಮಾಡಿಸಿಕೊಂಡವರಿಗೆ ಡಿಮೆನ್ಷಿಯಾ ಬರುವ ಸಾಧ್ಯತೆ ಸುಮಾರು 30 ಶೇಕಡಾ ಕಡಿಮೆ ಇತ್ತು.

ಗಾಜಿನಲೋಟ:
ಆಪರೇಷನ್ ಮಾಡಿಸಿಕೊಳ್ಳುವವರು ಮೊದಲೇ ಆರೋಗ್ಯವಂತರು, ಓಡಾಡುವವರು ಆಗಿರಬಹುದು.

ಕನ್ನಡಕದಂಗಡಿ:
ಆಗಿರಬಹುದು. ಅದಕ್ಕೇ ಅದೇ ಅಧ್ಯಯನದಲ್ಲಿ ಗ್ಲಾಕೋಮಾ ಎಂಬ ಇನ್ನೊಂದು ಕಣ್ಣಿನ ಕಾಯಿಲೆಗೆ ಆಪರೇಷನ್ ಆದವರನ್ನೂ ನೋಡಿದರು, ಅವರಲ್ಲಿ ಈ ಲಾಭ ಕಾಣಲಿಲ್ಲ. ಕಾರಣ ಏನೇ ಇರಲಿ, ಕಣ್ಣು ಕಾಣಿಸಿದರೆ ಗಾಬರಿ ಅರ್ಧ ಕಡಿಮೆ. ಮೊದಲು ಕಣ್ಣು ತೋರಿಸಿ.

ಅರ್ಧಓದಿದವ:
ಇದೆಲ್ಲ ಬೇಡ, ಈಗ ಔಷಧಿಯೇ ಇದೆಯಲ್ಲ? ಲೆಕಾನೆಮ್ಯಾಬ್, ಡೊನಾನೆಮ್ಯಾಬ್. ಅಮಿಲಾಯ್ಡ್ ಪೂರ್ತಿ ತೆಗೆಯುತ್ತವೆ.

ನರಮಂಡಲ:
ಬಹುಪಾಲು ತೆಗೆಯುತ್ತವೆ. ಆದರೂ ಲೆಕಾನೆಮ್ಯಾಬ್‌ನ ಟ್ರಯಲ್‌ನಲ್ಲಿ 18 ತಿಂಗಳ ನಂತರ 18 ಅಂಕದ ಅಳತೆಯಲ್ಲಿ ಸಿಕ್ಕ ವ್ಯತ್ಯಾಸ 0.45. ಕೆಲವರಿಗೆ ಮೆದುಳಿನಲ್ಲಿ ಊತ, ರಕ್ತಸ್ರಾವ. ಆಗಾಗ ಎಂಆರ್‌ಐ ಮಾಡಿಸುತ್ತಿರಬೇಕು. ಅಮಿಲಾಯ್ಡ್ ಹೋದರೂ ಕಾಯಿಲೆ ಪೂರ್ತಿ ನಿಲ್ಲುತ್ತಿಲ್ಲ. ಇಲಿಯಲ್ಲಿ ಅರ್ಧ ಇಳಿಯಿತು ಎಂದು ಕುಣಿಯುವ ಮೊದಲು ಇದನ್ನೂ ಯೋಚಿಸಿ.

ಹಳೇರೇಡಿಯೋ:
ಅಮಿಲಾಯ್ಡ್ ಕಾರಣವೋ ಪರಿಣಾಮವೋ ಅಂತ ಶುರು ಮಾಡಬೇಡಿ, ಹೋದ ತಿಂಗಳ ಜಗಳವೇ ಇನ್ನೂ ಮುಗಿದಿಲ್ಲ.

ಸಂಜೆಮಲ್ಲಿಗೆ:
ಎಲ್ಲರಿಗೂ ಥ್ಯಾಂಕ್ಸ್. ಬಲ್ಬುರಾಯರ ಲೆಕ್ಕವನ್ನು ಮೈದುನನಿಗೆ ಕಳಿಸಿದೆ. ವಿಡಿಯೋ ಹಾಕುವುದನ್ನು ನಿಲ್ಲಿಸಿದ್ದಾನೆ, ಹೆಲ್ಮೆಟ್ ಮಾತ್ರ ಇನ್ನೂ ತಲೆಯಲ್ಲಿದೆ. ಅತ್ತೆಯ ಕಣ್ಣು ತೋರಿಸಿ ಬಹಳ ವರ್ಷವಾಗಿತ್ತು, ಅಪಾಯಿಂಟ್‌ಮೆಂಟ್ ತಗೊಂಡೆವು. ನಿದ್ದೆಗೆಟ್ಟವಳು ಅವರೇ, ಒಂದು ಪ್ರಶ್ನೆ. ಅವರಿಗೆ ಹೊರಗೆ ಹೋಗಲು ಇಷ್ಟವೇ ಇಲ್ಲ. 10,000 ಲಕ್ಸ್‌ನ ಲೈಟ್ ಬಾಕ್ಸ್ ಅಂತ ಸಿಗುತ್ತದಲ್ಲ, ಅದು ಆಗುತ್ತಾ?

ನಿದ್ದೆಗೆಟ್ಟವಳು:
ಆಗಬಹುದು, ಕಣ್ಣಿನ ಡಾಕ್ಟರನ್ನು ಕೇಳಿಯೇ ಇಡಿ. ರೆಟಿನಾ ತೊಂದರೆ ಇದ್ದರೆ ಬೇಡ. ಕೆಲವು ಮಾತ್ರೆಗಳಿಂದ ಬೆಳಕು ತಡೆಯದ ಹಾಗಾಗುತ್ತದೆ, ಆ ಚೀಟಿಯನ್ನೂ ತೋರಿಸಿ. ಬೆಳಿಗ್ಗೆ ಮಾತ್ರ, ರಾತ್ರಿ ಖಂಡಿತ ಬೇಡ. ಕಣ್ಣಿಗೆ ನೇರ ಹಿಡಿಯಬೇಡಿ, ಪಕ್ಕದಲ್ಲಿಟ್ಟು ಏನಾದರೂ ಕೆಲಸ ಕೊಡಿ. ನಮ್ಮಮ್ಮನಿಗೆ ಹೊರಗೆ ಬನ್ನಿ ಎಂದರೆ ಬರುವುದಿಲ್ಲ, ಬಟ್ಟೆ ಮಡಚಬೇಕು ಬನ್ನಿ ಎಂದರೆ ಬರುತ್ತಾರೆ.

ಬಲ್ಬುರಾಯ:
ಲೈಟ್ ಬಾಕ್ಸ್ ಕೊಳ್ಳುವಾಗ 10,000 ಎಂದು ಎಷ್ಟು ದೂರದಲ್ಲಿ ಬರೆದಿದ್ದಾರೆ ನೋಡಿ. ಒಂದು ಗೇಣು ದೂರಕ್ಕೆ ಬರೆದಿದ್ದರೆ ಎರಡು ಗೇಣಿಗೆ ಹೋದಾಗ ತುಂಬಾ ಇಳಿಯುತ್ತದೆ. ಮಿಣುಕದ ಡ್ರೈವರ್ (ದೀಪಕ್ಕೆ ಕರೆಂಟು ಕೊಡುವ ಭಾಗ) ಇರಲಿ. ಫೋನಿನ ಸ್ಲೋ ಮೋಷನ್‌ನಲ್ಲಿ ಹಿಡಿದು ನೋಡಿ, ಪಟ್ಟೆ ಓಡಿದರೆ ವಾಪಸ್ ಕೊಡಿ.

ಅರ್ಧಓದಿದವ:
ನನ್ನ ಫೋನ್ 120 ಹರ್ಟ್ಸ್. ಅದರಲ್ಲಿ 40 ಸರಿಯಾಗಿ ಬರುತ್ತಲ್ವಾ? 120ನ್ನು 3ರಿಂದ ಭಾಗಿಸಿದರೆ 40.

ಬಲ್ಬುರಾಯ:
ಲೆಕ್ಕ ಸರಿ. ಆದರೆ ಆನ್‌ಲೈನ್ ವಿಡಿಯೋ ಸಾಮಾನ್ಯವಾಗಿ 30 ಅಥವಾ 60 ಚಿತ್ರದ್ದು. ಪೂರ್ತಿ ಓದಿ ಸ್ವಾಮಿ.